ತಳವಿಲ್ಲದ ಚೀಲ

ಶಾಲೆಯ ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಆಕೆ ಮೇಲ್ವಿಚಾರಕಿ. ಹೊಲಿಯುವ ಹೆಂಗಸರ ಬಾಯಲ್ಲಿ ಬುಗುರಿಯಕ್ಕ. ಊಟದ ಡಬ್ಬಿಯನ್ನೂ ಓಡಾಡುತ್ತಲೇ ಖಾಲಿ ಮಾಡುವವಳು.

ಆ ವಾರವಂತೂ ಅವಳ ಚಡಪಡಿಕೆ ವಿಪರೀತವಾಗಿತ್ತು. ಚೀಲ ಮಾರಾಟವಾಗುತ್ತಿರಲಿಲ್ಲ. ಶನಿವಾರದೊಳಗೆ ಹೊಸದೇನೂ ಹೊಳೆಯದಿದ್ದರೆ ಹೊಲಿಗೆ ವಿಭಾಗದ ಅರ್ಧ ಮುಚ್ಚುತ್ತೇನೆ ಎಂದಿದ್ದ ಯಜಮಾನ. ಅವಳ ನಾದಿನಿಯ ಮಷೀನು ಆ ಅರ್ಧದಲ್ಲೇ ಇತ್ತು.

ಯಜಮಾನ ಸಭೆ ನಡೆಸುವ ಚಂದ ನೋಡಬೇಕು. ಎಲ್ಲರನ್ನೂ ನಿಲ್ಲಿಸಿ, ತಾನು ಕೂತು, ಮೊದಲು ತನ್ನ ಐಡಿಯಾ ಹೇಳಿ, ಆಮೇಲೆ ‘ಈಗ ಧೈರ್ಯವಾಗಿ ಮಾತಾಡಿ’ ಎನ್ನುತ್ತಾನೆ. ಯಾರು ಮಾತಾಡುತ್ತಾರೆ ಸ್ವಾಮಿ? ಅದು ಹೌದಪ್ಪನ ಚಾವಡಿ. ಆ ಮೌನವನ್ನೇ ಒಪ್ಪಿಗೆ ಅಂದುಕೊಂಡು, ಕೆಲಸ ಕೆಟ್ಟ ಮೇಲೆ ‘ನಿಮ್ಮನ್ನ ಕೇಳಿಯೇ ಮಾಡಿದ್ದು’ ಎನ್ನುವ ನಾಚಿಕೆಗೇಡಿಗಳಿಗೆ ಎಲ್ಲೂ ಬರವಿಲ್ಲ.

ಬುಗುರಿಯಕ್ಕ ಜಗಳವಾಡಿ ಗೆದ್ದಳು. ಯಜಮಾನ ಹೊರಗೆ, ಹೊಲಿಯುವವರು ಒಳಗೆ. ಸ್ಟೂಲುಗಳನ್ನು ದುಂಡಗೆ ಹಾಕಿಸಿದಳು. ಹೊಸಬರದೇ ಮೊದಲ ಮಾತು. ಬಾಯಿಗೆ ಬಂದದ್ದು ಹೇಳಬಹುದು. ಒಬ್ಬರ ಮಾತಿಗೆ ಇನ್ನೊಬ್ಬರು ಗಂಟು ಹಾಕಬಹುದು, ಕತ್ತರಿ ಹಾಕುವಂತಿಲ್ಲ.

ಒಬ್ಬಳು ಗಂಟೆ ಕಟ್ಟಿದ ಚೀಲ ಎಂದಳು. ಇನ್ನೊಬ್ಬಳು, ಪಾಠದ ಹೊತ್ತಲ್ಲಿ ತಲೆದಿಂಬಾಗುವ ಚೀಲ ಎಂದಳು. ನಗು ಹರಿದಾಡಿತು. ನಾದಿನಿಯ ಸರದಿ ಬಂತು.

“ಚೀಲಕ್ಕೆ ತಳಾನೇ ಬೇಡ.”

“ನಿನ್ನ ತಲೆ. ಮನೇಲೂ ಇದೇ, ಇಲ್ಲೂ ಇದೇ. ಸುಮ್ನೆ ಕೂತ್ಕೋ.”

ಬುಗುರಿಯಕ್ಕನ ಬಾಯಿಂದ ಅದು ಜಾರಿಹೋಗಿತ್ತು. ಮುಂದಿನವಳು ತನ್ನದೇನೂ ಇಲ್ಲ ಎಂದಳು. ಅವಳ ಪಕ್ಕದವಳೂ ಅಷ್ಟೇ. ಕಿಟಕಿಯ ಕಡೆ ನೋಡುವವರು, ಉಗುರು ಕೆರೆಯುವವರು. ಯಜಮಾನನನ್ನು ಹೊರಗಟ್ಟಿದ್ದೇನೋ ಸರಿ. ಮನೆಯ ಹಿರಿಸೊಸೆಯ ದರ್ಬಾರು ಅವಳ ಜೊತೆಗೇ ಒಳಗೆ ಬಂದಿತ್ತಲ್ಲ!

ಅವಳು ಎದ್ದಳು. “ತಪ್ಪು ನಂದೇ. ನಾನಿದ್ರೆ ಯಾರೂ ಬಾಯಿ ಬಿಡಲ್ಲ. ನೀನೇ ನಡೆಸು,” ಎಂದು ನಾದಿನಿಗೆ ಹೇಳಿ ಹೊರಗೆ ಬಂದು ಬಾಗಿಲೆಳೆದಳು.

ಪಡಸಾಲೆಯಲ್ಲಿ ಅತ್ತಿಂದಿತ್ತ, ಇತ್ತಿಂದತ್ತ. ಬಾಗಿಲಿಗೆ ಕಿವಿ ಕೊಟ್ಟರೆ ಬರೀ ಗುಜುಗುಜು. ನಡುವೆ ಯಾರೋ ಕಿಸಕ್ಕನೆ ನಕ್ಕರು. ಖುಷಿಗೆ ನಗುತ್ತಿದ್ದಾರೋ, ನಾದಿನಿಯನ್ನು ಆಡಿಕೊಳ್ಳುತ್ತಿದ್ದಾರೋ? ಅಷ್ಟರಲ್ಲಿ ಯಜಮಾನ ಬಂದ. ಹೊತ್ತಾಯಿತೆಂದು ಚಿಲಕಕ್ಕೆ ಕೈ ಹಾಕಿದ. ಅವಳು ಅಡ್ಡ ನಿಂತಳು.

“ನೀವ್ಯಾಕೆ ಹೊರಗೆ?”

“ನನ್ನನ್ನೂ ಹೊರಗೆ ಹಾಕ್ಕೊಂಡಿದೀನಿ ಸಾರ್. ಇನ್ನೊಂದು ಗಳಿಗೆ.”

ಅವನು ಗೊಣಗುತ್ತಿರುವಾಗಲೇ ಬಾಗಿಲು ತೆರೆಯಿತು. ನಾದಿನಿಯ ಹಿಂದೆ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ತಳ ಯಾಕೆ ಬೇಡ ಎಂದು ಒಬ್ಬಳು ಕೇಳಿದ್ದಳು. ಮೊದಲು ಹರಿಯೋದು ಅದೇ ತಾನೇ ಎಂದಿದ್ದಳು ನಾದಿನಿ. ಹಾಗಾದರೆ ಬಿಚ್ಚಿ ಬದಲಾಯಿಸುವ ತಳ ಮಾಡೋಣ ಎಂದಳು ಮೂರನೆಯವಳು, ಜಿಪ್ ಹಾಕೋಣ ಎಂದಳು ಮತ್ತೊಬ್ಬಳು. ಗಂಟೆಯವಳು ಮಾತ್ರ ಇನ್ನೂ ಗಂಟೆಯನ್ನು ಬಿಟ್ಟಿರಲಿಲ್ಲ.

ಮೊದಲು ಮಾದರಿ ಹೊಲಿದು ತೋರಿಸಿ; ಅಂಗಡಿಯವರು ಅದನ್ನು ನೋಡುವವರೆಗೆ ಮಷೀನು ನಿಲ್ಲಿಸುವುದಿಲ್ಲ ಎಂದ ಯಜಮಾನ. ಅಷ್ಟೇ ಹೇಳಿದ್ದು. ಆಮೇಲಿನದು ಯಾರಿಗೂ ಗೊತ್ತಿಲ್ಲ.

ಬುಗುರಿಯಕ್ಕನಿಗೆ ತಡೆಯಲಾಗಲಿಲ್ಲ. “ಪುಸ್ತಕದ ಭಾರಕ್ಕೆ ಜಿಪ್ ನಿಲ್ಲಲ್ಲ ಕಣೇ.”

“ಹಾಗಾದ್ರೆ ಏನು ನಿಲ್ಲುತ್ತೆ ಹೇಳಿ ಅತ್ತಿಗೆ. ಬರೀ ನಿಲ್ಲಲ್ಲ ಅನ್ನಬೇಡಿ.”

 ಬುಗುರಿಯಕ್ಕ ಕೊಕ್ಕೆಗಳ ಪೆಟ್ಟಿಗೆ ತರಲು ಉಗ್ರಾಣದ ಕಡೆ ಓಡಿದಳು.