ಸಂತೆಕಲ್ಲೂರಿನ ಆಚೆಯ ಸಂದು

ನಾನು ಲಿಂಗಸುಗೂರಿನಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವ, ಪವಾಡ, ಕನಸಿನಲ್ಲಿ ಬಂದು ಹೇಳಿದ ಅಜ್ಜ ಎಂದು ಶುರು ಮಾಡಿದರೆ ಮುಖ ಸಿಂಡರಿಸಿಕೊಂಡು ಎದ್ದು ಹೋಗುತ್ತಿದ್ದವಳು ನಾನು. ನಮ್ಮ ಮನೆಯವರು ದರ್ಗಾದಿಂದ ದಾರ ತಂದರೆ ಕೈಗೆ ಕಟ್ಟಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಅಕ್ಕ, ನಾವು ಕರೆಯುವುದು ಆಪಾ ಎಂದು, ಸಿಂಧನೂರಿನಲ್ಲಿದ್ದಾಳೆ. ಅಂಗನವಾಡಿಯಲ್ಲಿ ದುಡಿದವಳು. ನಮ್ಮ ತಾಯಿ ತೀರಿಕೊಂಡಾಗ ನಾನಿನ್ನೂ ಚಿಕ್ಕವಳು. ನನ್ನ ತಲೆ ಬಾಚಿ, ಬೈದು, ಓದಿಸಿದವಳು ಅವಳೇ. ಅವಳ ಹೃದಯದ ಒಂದು ಕವಾಟ ಸುಣ್ಣಗಟ್ಟಿ ಸರಿಯಾಗಿ ತೆರೆಯುತ್ತಿರಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಶ್ವಾಸಕೋಶವೂ ದುರ್ಬಲವಾಗಿದ್ದರಿಂದ ಎದೆ ಸೀಳಿ ಆಪರೇಷನ್ ಮಾಡುವಂತಿರಲಿಲ್ಲ. ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ, ಅದರೊಳಗಿಂದ ಮಡಿಸಿದ ಹೊಸ ಕವಾಟವನ್ನು ಹೃದಯದವರೆಗೆ ಒಯ್ದು ಕೂರಿಸುವುದೊಂದೇ ದಾರಿ ಎಂದರು. ಹೈದರಾಬಾದಿನಿಂದ ಆಗಾಗ ಸಿಂಧನೂರಿಗೆ ಬಂದು ಹೋಗುವ ಡಾಕ್ಟರೊಬ್ಬರು ಅದನ್ನು ಮಾಡಲು ಒಪ್ಪಿದ್ದರು.

ಆದರೆ ಆಪಾಳ ರಕ್ತನಾಳ ತೀರ ಸಣ್ಣದು. ಮಾಮೂಲಿ ಕೊಳವೆ ಹಾಕಿದರೆ ನಾಳ ಹರಿದು ಹೋಗಬಹುದಿತ್ತು. ಅದಕ್ಕೆ ಹಿಗ್ಗುವ ಕೊಳವೆ ಬೇಕು ಎಂದು ಡಾಕ್ಟರು ವಿವರಿಸಿದರು. ಅದು ಸಣ್ಣದಾಗಿ ಒಳಹೋಗುತ್ತದೆ. ಕವಾಟ ಬಂದಾಗ ಆ ಜಾಗದಲ್ಲಿ ಮಾತ್ರ ಹಿಗ್ಗಿ ದಾರಿ ಬಿಡುತ್ತದೆ, ಕವಾಟ ಮುಂದೆ ಹೋದೊಡನೆ ಮತ್ತೆ ಕುಗ್ಗುತ್ತದೆ. ಅವರ ಭಾಷೆಯಲ್ಲಿ ಅದಕ್ಕೆ ಶೀತ್ ಎನ್ನುತ್ತಾರಂತೆ. ಆಪಾ ಅದನ್ನು ಕೇಳಿ, "ಶೀತ ಅಂದ್ರ ಥಂಡಿ ಅಲ್ಲೇನ್ರಿ? ಈ ಬಿಸಿಲಾಗ ಭಾಳ ಛಲೋ ಆತು" ಎಂದು ನಕ್ಕಿದ್ದಳು. ಅಂಥ ಸ್ಥಿತಿಯಲ್ಲೂ ನಗುವುದು ಅವಳಿಗೆ ಬರುತ್ತಿತ್ತು.

ಮುಂದಿನ ವಾರ ಮಾಡುವುದೆಂದು ನಿಶ್ಚಯವಾಗಿತ್ತು. ಆದರೆ ಅದಕ್ಕೂ ಮೊದಲೇ ಒಂದು ದಿನ ಬೆಳಿಗ್ಗೆ ಆಪಾಳ ಶ್ವಾಸಕೋಶದಲ್ಲಿ ನೀರು ತುಂಬಿತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಪ್ರಜ್ಞೆ ತಪ್ಪಿ, ಬಾಯಿಗೆ ನಳಿಕೆ ಹಾಕಿದ್ದರು. ಅದೃಷ್ಟಕ್ಕೆ ಡಾಕ್ಟರು ಅಂದು ಬೇರೆ ರೋಗಿಗಳಿಗಾಗಿ ಅಲ್ಲೇ ಇದ್ದರು, ಕವಾಟವೂ ಬಂದಿತ್ತು. ಇಲ್ಲದ್ದು ಆ ಹಿಗ್ಗುವ ಕೊಳವೆ ಮಾತ್ರ. ಅದು ಬಾಗಲಕೋಟೆಯಲ್ಲಿತ್ತು. ಅದನ್ನು ಮಾರುವ ಕಂಪನಿಯ ಬಸವರಾಜ ಎಂಬಾತ ಅದನ್ನು ಹಿಡಿದುಕೊಂಡು ಕಾರಿನಲ್ಲಿ ಹೊರಟಿದ್ದ. ಲಿಂಗಸುಗೂರು ಮುಟ್ಟುವಷ್ಟರಲ್ಲಿ ಅವನ ಕಾರು ಕೆಟ್ಟು ನಿಂತಿತು. ಆಪಾಳ ಮಗಳು ರುಬೀನಾ ನನಗೆ ಫೋನ್ ಮಾಡಿದಾಗ ನಾನು ಕಾಲೇಜಿನಲ್ಲಿದ್ದೆ.

"ಖಾಲಾ, ಆ ಮನಷ್ಯಾ ನಿಮ್ಮೂರಾಗ ಬಸ್ ಸ್ಟ್ಯಾಂಡ್ ಹತ್ರ ನಿಂತಾನ. ಅವನ್ನ ಕರಕೊಂಡು ಜಲ್ದಿ ಬಾ. ಅಮ್ಮಿ ಸಂಜಿತನಾ ತಡಿಯಂಗಿಲ್ಲ ಅಂತಾರ."

ನಾನು ನನ್ನ ಸಣ್ಣ ಕಾರು ತೆಗೆದೆ. ಬಸವರಾಜ ಉದ್ದನೆಯ ರಟ್ಟಿನ ಡಬ್ಬಿಯೊಂದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಪಕ್ಕದಲ್ಲಿ ಕುಳಿತ. ಮೂವತ್ತರ ಆಸುಪಾಸಿನ, ಮೆದು ಮಾತಿನ ಮನುಷ್ಯ. ಹೊರಟಾಗ ಮಳೆ ಜಿನುಗುತ್ತಿತ್ತು. ಸಂತೆಕಲ್ಲೂರು ದಾಟುವಾಗ ಗಾಜಿನ ಮೇಲೆ ನೀರು ಬಕೆಟ್ಟಿನಿಂದ ಸುರಿದ ಹಾಗೆ ಬೀಳುತ್ತಿತ್ತು. ಸ್ವಲ್ಪ ಮುಂದೆ ಬಸ್ಸು, ಲಾರಿ, ಟಂಟಂಗಳೆಲ್ಲ ಸಾಲಾಗಿ ನಿಂತಿದ್ದವು. ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು.

ಕೆಳಗಿಳಿದು ಕಂಡಕಂಡವರನ್ನು ಕೇಳಿದೆ. ನೀರು ಇಳಿಯಲು ರಾತ್ರಿಯಾಗುತ್ತದೆ ಎಂದರು. ಹಿಂದೆ ಹೋಗಿ ಸುತ್ತು ಹಾಕಿದರೂ ಅಷ್ಟೇ ಹೊತ್ತು. ಬಲಕ್ಕೆ ಗುಡ್ಡದ ಹಿಂದೆ ಹಳ್ಳಕ್ಕೆ ಎತ್ತರದ ಹಳೆಯ ಸೇತುವೆಯೊಂದಿದೆ, ಆದರೆ ಕಾರು ಹೋಗುವ ದಾರಿಯಲ್ಲ ಎಂದೂ ಹೇಳಿದರು. ಬೈಕಿನವರನ್ನು ಅಂಗಲಾಚಿದೆ. ಆ ಎರೆಮಣ್ಣಿನ ಕೆಸರಿನಲ್ಲಿ ಬರಲು ಯಾರೂ ಒಪ್ಪಲಿಲ್ಲ. ಅಷ್ಟರಲ್ಲಿ ರುಬೀನಾಳ ಫೋನ್ ಬಂತು. ಅವಳು ಬರೀ ಅಳುತ್ತಿದ್ದಳು. "ಬಂದೆ, ಬೇಟಾ, ಬಂದೆ" ಎಂದು ಸುಳ್ಳು ಹೇಳಿ ಕಾರನ್ನು ಬಲಕ್ಕೆ ತಿರುಗಿಸಿದೆ.

ದಾರಿಯ ಬಾಯಲ್ಲಿ ಹಣಮವ್ವ ಎಂಬ ಕುರಿಗಾಹಿ ಹೆಂಗಸು ಕಂಬಳಿ ಹೊದ್ದು ಕುರಿಗಳ ನಡುವೆ ನಿಂತಿದ್ದಳು. ಹೆಸರು ಗೊತ್ತಾದದ್ದು ಆಮೇಲೆ. ಅವಳು ಕೈ ಅಡ್ಡ ಹಿಡಿದಳು.

"ಎಲ್ಲಿಗೆ ಹೊಂಟೀರಿ ಯವ್ವಾ? ಮುಂದ ಎರಡು ಬಂಡಿಗಲ್ಲು ಅದಾವ. ನಡುವ ನನ್ನ ಕುರಿ ಹೋಗ್ತಾವ, ಕಾರು ಹಿಡಿಯಂಗಿಲ್ಲ."

"ಅಕ್ಕ ಸಾಯಾಕತ್ತಾಳವ್ವಾ" ಎಂದೆ. ಅವಳು ಕೈ ಇಳಿಸಿದಳು.

ಬಂಡೆಗಳವರೆಗೆ ಹೋಗಿ, ಕಾರು ಬಿಟ್ಟು, ಡಬ್ಬಿ ಹಿಡಿದು ಓಡುವುದು ಎಂದುಕೊಂಡಿದ್ದೆ. ಸೇತುವೆಯ ಆಚೆ ಯಾವುದಾದರೂ ಗಾಡಿ ಸಿಕ್ಕೀತು ಎಂಬ ಆಸೆ. ಆದರೆ ದಾರಿ ಇಳಿಜಾರಾಗಿ, ಎರಡೂ ಕಡೆ ದಿಣ್ಣೆ ಎದ್ದು, ಕಾಲುವೆಯಂತಾಯಿತು. ಹಿಂದಿನಿಂದ ರಾಡಿ ನೀರು ಅದರಲ್ಲೇ ನುಗ್ಗಿ ಬರತೊಡಗಿತು. ಬ್ರೇಕ್ ಒತ್ತಿದರೆ ಕಾರು ನಿಲ್ಲದೆ ಜಾರುತ್ತಿತ್ತು. ಹಿಂದಕ್ಕೆ ತೆಗೆಯಲು ನೋಡಿದೆ, ಗಾಲಿಗಳು ಇದ್ದಲ್ಲೇ ತಿರುಗಿದವು. ಎದುರಿಗೆ ಬಂಡೆಗಳು ಕಂಡವು. ಆನೆಯ ಎತ್ತರದ ಎರಡು ಬೂದು ಕಲ್ಲುಗಳು. ನಡುವೆ ಒಬ್ಬ ಮನುಷ್ಯ ಸೊಂಟಕ್ಕೆ ಕೈಯಿಟ್ಟು ನಿಂತರೆ ಮೊಣಕೈ ಎರಡೂ ಕಡೆ ತಾಗುವಷ್ಟು ಸಂದು.

"ಮೇಡಮ್, ಹಿಡಿಯಂಗಿಲ್ರಿ! ನಿಲ್ಲಸ್ರಿ!" ಬಸವರಾಜ ಕೂಗಿ ಡಬ್ಬಿಯನ್ನು ಎದೆಗೆ ಅವುಚಿಕೊಂಡ.

ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ಇಲ್ಲೇ ಮುಗಿಯಿತು, ಆಪಾ ಅಲ್ಲಿ, ನಾನು ಇಲ್ಲಿ ಎಂದು ಅನಿಸಿತು. ಅಲ್ಲಾನನ್ನು ಕರೆದೆನೋ, ಅಕ್ಕನನ್ನು ಕರೆದೆನೋ ತಿಳಿಯದು. ಆದರೆ ಕಣ್ಣು ಮುಚ್ಚಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಕಣ್ಣು ಮುಚ್ಚಲಿಲ್ಲ.

ಕಾರು ಸಂದಿನೊಳಗೆ ಹೋಯಿತು. ಡಿಕ್ಕಿಯ ಸದ್ದಿಲ್ಲ, ಕಲ್ಲು ಉಜ್ಜಿದ ಸದ್ದಿಲ್ಲ. ಮಳೆಯ ಸದ್ದೂ ನಿಂತಿತು. ಬಾವಿಯಲ್ಲಿ ಮುಳುಗಿದಾಗ ಕಿವಿ ಕಟ್ಟುತ್ತದಲ್ಲ, ಹಾಗೆ. ಗಾಜಿಗೆ ಅಂಟಿದಂತೆ ಎರಡೂ ಕಡೆ ಕಲ್ಲು ಸರಿಯುತ್ತಿತ್ತು. ಅದರ ಮೇಲಿನ ಪಾಚಿ, ಬಿರುಕಿನಿಂದ ಇಳಿಯುವ ನೀರಿನ ಎಳೆ ಎಲ್ಲವನ್ನೂ ಕಂಡೆ. ದಾರಿ ನೋಡಲೆಂದು ಬಸವರಾಜ ತನ್ನ ಕಡೆಯ ಗಾಜನ್ನು ಅರ್ಧ ಇಳಿಸಿದ್ದ. ಅವನ ಒಂದು ಕೈ ತಾನಾಗಿಯೇ ಹೊರಗೆ ಹೋಗಿ ಕಲ್ಲನ್ನು ಮುಟ್ಟಿತು. ಆಮೇಲೆ ಬೆಳಕು ಬಂತು, ಮಳೆಯ ಸದ್ದು ಒಮ್ಮೆಗೇ ಕಿವಿಗೆ ಅಪ್ಪಳಿಸಿತು. ನಾವು ಆಚೆ ಇದ್ದೆವು. ಎದುರಿಗೆ ಹಳೆಯ ಸೇತುವೆ.

ಸೇತುವೆ ದಾಟಿ, ಮತ್ತೆ ರಸ್ತೆ ಸೇರಿ, ಮಸ್ಕಿ ಊರು ದಾಟಿದೆವು. ಆಮೇಲೆ ಬಸವರಾಜ ತನ್ನ ಅಂಗೈ ನೋಡಿಕೊಳ್ಳುತ್ತ ಮೆಲ್ಲಗೆ ಹೇಳಿದ. "ಕಲ್ಲು ಬೆಚ್ಚಗಿತ್ರಿ ಮೇಡಮ್."

"ಏನು?"

"ಇಂಥಾ ಮಳಿಯಾಗ ಬೆಚ್ಚಗಿತ್ತು. ಮೈ ಮುಟ್ಟಿದಂಗಾತು."

ಗದ್ದೆಗಳ ನಡುವಿನ ನೇರ ರಸ್ತೆಯಲ್ಲಿ ಎಷ್ಟು ವೇಗವಾಗಿ ಓಡಿಸಿದೆನೋ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ರುಬೀನಾ ಡಬ್ಬಿ ಕಸಿದುಕೊಂಡು ಒಳಗೆ ಓಡಿದಳು. ನಾನು ಹೊರಗಿನ ಬೆಂಚಿನ ಮೇಲೆ ಕೆಸರು ಕಾಲಿನಲ್ಲೇ ಕುಳಿತೆ. ಒಳಗಿನಿಂದ ನರ್ಸ್ ಬಂದರೆ ಮುಖ ನೋಡಲು ಧೈರ್ಯವಾಗದೆ ಅವರ ಚಪ್ಪಲಿ ನೋಡುತ್ತಿದ್ದೆ. ಕೊನೆಗೆ ಡಾಕ್ಟರೇ ಬಂದರು. "ನಾಳ ತಡೆಯುತ್ತದೋ ಇಲ್ಲವೋ ಎಂದು ನನಗೂ ಭಯವಿತ್ತು. ಎಲ್ಲೂ ಹರಿಯಲಿಲ್ಲ. ಕವಾಟ ಕೂತಿದೆ" ಎಂದರು.

ಆಪಾ ಬದುಕಿದಳು. ನಳಿಕೆ ತೆಗೆದ ಮೇಲೆ ಕೆಲವು ದಿನ ದನಿ ಒಡಕಾಗಿತ್ತು, ಈಗ ಸರಿಯಾಗಿದೆ. ಮೊನ್ನೆಯೂ ಫೋನಿನಲ್ಲಿ ನನ್ನನ್ನು ಬೈದಳು.

ಇಷ್ಟೇ ಆಗಿದ್ದರೆ ನಾನು ಅದನ್ನು ಹೇಗೋ ವಿವರಿಸಿಕೊಳ್ಳುತ್ತಿದ್ದೆ. ಗಾಬರಿಯಲ್ಲಿ ಅಗಲದ ಸಂದು ಕಿರಿದಾಗಿ ಕಂಡಿತು, ಡಾಕ್ಟರು ಹೇಳಿದ ಆ ಕೊಳವೆಯೇ ತಲೆಯಲ್ಲಿ ಕುಳಿತಿತ್ತು, ಬೆಚ್ಚಗಿದ್ದದ್ದು ಬಸವರಾಜನದೇ ಕೈ, ಹೀಗೆ. ಅದಕ್ಕೇ ಮಳೆಗಾಲ ಮುಗಿದ ಮೇಲೆ ಅವನನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ಅದೇ ಕಾರು, ಅದೇ ಬಂಡೆಗಳು. ಕಾರಿನ ಮೂತಿಯನ್ನು ಸಂದಿನ ಎದುರು ತಂದು ನಿಲ್ಲಿಸಿದೆ. ಎರಡೂ ಕಡೆಯ ದೀಪಗಳು ಕಲ್ಲಿಗೆ ತಾಗುತ್ತಿದ್ದವು. ಒಂದು ಮೊಳ ಕಮ್ಮಿ ಬೀಳುತ್ತಿತ್ತು. ಬಸವರಾಜ ಕಲ್ಲನ್ನು ತಟ್ಟಿ ನೋಡಿದ, ದಿಣ್ಣೆ ಹತ್ತಿ ಬೇರೆ ದಾರಿಯಿದೆಯೇ ಎಂದು ಹುಡುಕಿದ. ಇರಲಿಲ್ಲ.

ಹಣಮವ್ವ ಅಂದೂ ಅಲ್ಲೇ ಕುರಿ ಮೇಯಿಸುತ್ತಿದ್ದಳು. ನನ್ನ ಗುರುತು ಹಿಡಿದು, "ಅಕ್ಕ ಅದಾಳ?" ಎಂದು ಮೊದಲು ಕೇಳಿದಳು. ಇದ್ದಾಳೆ ಎಂದ ಮೇಲೆ ಕಂಬಳಿ ಹಾಸಿ ಕುಳಿತಳು.

"ಕಲ್ಲು ಸರದು ದಾರಿ ಕೊಟ್ಟಿತೇನವ್ವಾ?" ಎಂದೆ. ಹಾಗೆ ಕೇಳುತ್ತಿರುವುದು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ.

"ಕಲ್ಲು ಎಲ್ಲಿ ಸರೀತೈತಿ ಯವ್ವಾ" ಎಂದಳು ಅವಳು. "ನೀವು ಸಿಕ್ಕೊಂಡೀರಿ ಅಂತ ನಾ ದಿಣ್ಣಿ ಮ್ಯಾಲಿಂದ ಓಡಿ ಬಂದೆ. ನೀರು ಅತ್ತಾಗ ಒಡದು ಹೋಗಿತ್ತು, ಹಸೀ ಮಣ್ಣು. ಗಾಲಿ ಗುರುತು ಚೊಕ್ಕ ಮೂಡಿತ್ತು. ಈ ಕಡಿ ದೂರ ದೂರ ಅದಾವ, ಆ ಕಡಿನೂ ದೂರ ದೂರ ಅದಾವ. ಕಲ್ಲಿನ ನಡುವ ನೋಡಿದ್ರ, ಎರಡೂ ಗಾಲಿ ಇಷ್ಟು ಹತ್ರ ಬಂದು ಹೋಗ್ಯಾವ."

ಅವಳು ತನ್ನ ಎರಡು ಕೈಗಳನ್ನು ಹತ್ತಿರ ತಂದು ತೋರಿಸಿದಳು. ನಡುವೆ ಒಂದು ಕುರಿ ಹಾಯುವಷ್ಟು ಜಾಗವಿತ್ತು.

ಬಸವರಾಜ ತನ್ನ ಭುಜಗಳನ್ನು ಒಮ್ಮೆ ಮುಟ್ಟಿಕೊಂಡ. ನಾನು ಕಾರನ್ನು ನೋಡಿದೆ. ಅದು ಎಂದಿನ ಅಗಲದಲ್ಲೇ ನಿಂತಿತ್ತು. ಅಂದಿನಿಂದ ನನ್ನ ಪ್ರಶ್ನೆ ಬೇರೆಯಾಗಿದೆ. ಕಲ್ಲಿಗೆ ಏನಾಯಿತು ಎಂದು ನಾನೀಗ ಕೇಳುವುದಿಲ್ಲ. ಗಾಲಿಗಳು ಅಷ್ಟು ಹತ್ತಿರ ಬಂದ ಆ ಕ್ಷಣದಲ್ಲಿ ಕಾರಿನೊಳಗಿದ್ದ ನಮಗೆ ಏನಾಯಿತು ಎಂದು ಕೇಳಿಕೊಳ್ಳುತ್ತೇನೆ.