ಶನಿವಾರ ಹಾಕಿದ ಕೀಲಿ

"ಸರ, ಶೋಭಾ ಇನ್ನೂ ಮನಿಗೆ ಬಂದಿಲ್ರೀ. ಕೆರಿ, ಭಾಂವಿ ಸುದ್ದಾ ನೋಡಿ ಬಂದ್ವಿ" ಎಂದು ಐದನೆಯ ತರಗತಿಯ ಶೋಭಾಳ ತಾಯಿ ನನ್ನ ಮನೆ ಬಾಗಿಲಲ್ಲಿ ನಿಂತಾಗ ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ. ತೊಂಬತ್ತರ ದಶಕದಲ್ಲಿ ನಾನು ಮುರಗೋಡ ಹತ್ತಿರದ ಶಾಲೆಯೊಂದರ ಗ್ರಂಥಪಾಲಕ. ಅದು ಮಕ್ಕಳೇ ಮತ ಹಾಕಿ ಮೆಚ್ಚಿನ ಪುಸ್ತಕ ಆರಿಸುವ ಪ್ರಶಸ್ತಿಯ ವಾರ. ಆಯ್ದ ಐದೂ ಪುಸ್ತಕ ಓದಿದವರಿಗಷ್ಟೇ ಸೋಮವಾರ ಮತ ಹಾಕುವ ಅವಕಾಶ. ಬೆಳಗಿನ ಶಾಲೆ ಬಿಟ್ಟೊಡನೆ, ಹನ್ನೊಂದೂವರೆಗೆ ಸರಿಯಾಗಿ, ಕಪಾಟುಗಳ ಹಿಂದೆ ನೋಡದೆ ಗ್ರಂಥಾಲಯಕ್ಕೆ ಕೀಲಿ ಹಾಕಿ ಬಂದಿದ್ದೆ. ಅದು ನೆನಪಾಗುತ್ತಲೇ ಕೀಲಿಕೈ ಎತ್ತಿಕೊಂಡೆ. ಇಬ್ಬರೂ ಶಾಲೆಗೆ ಓಡಿದೆವು. ಗ್ರಂಥಾಲಯದ ಬಾಗಿಲು ತೆರೆದೆ.

ಶೋಭಾ ಕೊನೆಯ ಕಪಾಟಿನ ಹಿಂದೆ ಬೆವರಿನಲ್ಲಿ ತೊಯ್ದು, ಐದನೆಯ ಪುಸ್ತಕವನ್ನು ಎದೆಗವಚಿಕೊಂಡು ಕೂತಿದ್ದಳು. ತಾಯಿ ಅವಳನ್ನು ಬಾಚಿ ತಬ್ಬಿಕೊಂಡು, "ಒದರಾಕ ಏನಾಗಿತ್ತ ಹುಚ್ಚಿ?" ಎಂದು ಬೈದರು.

"ಇಲ್ಲಿ ಯಾರೂ ಒದರಬಾರದು ಅಂತ ಸರ ಹೇಳ್ಯಾರ" ಎಂದಳು ಹುಡುಗಿ.

ಮರುದಿನ ರವಿವಾರ. ತಾಯಿ ಬಾರದಿದ್ದರೆ ಸೋಮವಾರದವರೆಗೆ ನಾನು ಆ ಬಾಗಿಲು ತೆರೆಯುತ್ತಿರಲಿಲ್ಲ. ನಿವೃತ್ತನಾದ ಮೇಲೂ, ಸ್ವಂತ ಮನೆಗೆ ಕೀಲಿ ಹಾಕುವ ಮೊದಲು "ಒಳಗ ಯಾರರ ಅದೀರೇನು?" ಎಂದು ಕೂಗುತ್ತೇನೆ. ಉತ್ತರ ಬರದಿದ್ದರೂ ನಂಬುವುದಿಲ್ಲ. ಒಳಹೋಗಿ ಮೂಲೆಮೂಲೆ ನೋಡಿಯೇ ಬರುತ್ತೇನೆ.