ಅಜ್ಜನ ಬಾವಿಯ ಹಾಡು

ವೆರ್ಣಾದ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಹುಬ್ಬಳ್ಳಿ ಕಡೆಯ ಕ್ರೈಸ್ತರ ಮನೆಯವಳು. ರಜೆ ಇದ್ದಾಗ ಮಡಗಾಂವದ ಒಂದು ಜಾಝ್ ತಂಡದಲ್ಲಿ ಹಾಡುತ್ತಿದ್ದಳು.

ಅಣ್ಣಂದಿರೇ ಬಾವಿಗೆ ನೂಕಿ ಮಾರಿಬಿಟ್ಟ ಯೋಸೇಫನ ಕಥೆಯ ಮೇಲೆ ತಂಡ ಕಛೇರಿ ಮಾಡಲಿದೆ ಎಂದು ಅವಳು ಒಮ್ಮೆ ಹೇಳಿದಳು.

"ಅಂವ ನಮ್ಮ ಯೂಸುಫ್ ಅಲ್ಲೇನಕ್ಕಾ? ನಮ್ಮಜ್ಜ ಮೊಹರಮ್ಮಿನಾಗ ಅವನ ಹಾಡು ಹಾಡ್ತಿದ್ದ," ಎಂದು, ಅವ್ವ ಕಲಿಸಿದ್ದನ್ನು ಮೆಲ್ಲಗೆ ಹಾಡಿದೆ. "ನೀರಿಲ್ಲದ ಬಾವ್ಯಾಗ ನಿಂತು ಕರದಾನ, ಹಗ್ಗ ಇಳಸೋ ಅಣ್ಣಯ್ಯ."

ಅಕ್ಕ ನನ್ನ ಕೈ ಹಿಡಿದುಕೊಂಡಳು. "ಇದನ್ನ ನೀನ ಹಾಡಬೇಕು, ಸ್ಟೇಜಿನ ಮ್ಯಾಲೆ."

ಮಳೆಗಾಲವಿಡೀ ತಾಲೀಮಿಗೆ ಹೋದೆ. ನನ್ನ ದನಿಯ ಬೆನ್ನಿಗೇ ಸ್ಯಾಕ್ಸೊಫೋನ್ ಏಳುವಾಗ ಮೈ ಜುಮ್ಮೆನ್ನುತ್ತಿತ್ತು. ಕೊನೆಯ ವಾರ ಅಕ್ಕ, "ನಿಂದು ಪಕ್ಕಾ ಆಗೇತಿ, ಐತವಾರ ಸೀದಾ ಬಾ," ಎಂದಳು.

ಅವ್ವನನ್ನೂ ಕರೆದುಕೊಂಡು ಹೋದೆ. ನಮ್ಮಿಬ್ಬರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ. ಈಗ ಕರೆದಾರು, ಆಗ ಕರೆದಾರು ಎಂದು ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದೆ. ಅಕ್ಕ ಮೈಕಿನ ಮುಂದೆ ಬಂದು, "ಇದು ನನ್ನ ಅಜ್ಜಿಯ ಹಾಡು," ಎಂದು ಇಂಗ್ಲಿಷಿನಲ್ಲಿ ಹೇಳಿ, ತಾನೇ ಹಾಡತೊಡಗಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವಳು ಹೇಳಿದ್ದನ್ನು ಅವ್ವನಿಗೆ ಬಿಡಿಸಿ ಹೇಳಿದೆ. ಅವ್ವ ಕೇಳಿದಳು: "ಅಕಿ ಅಜ್ಜಿಗೆ ನಮ್ಮಪ್ಪನ ಹಾಡು ಹೆಂಗ ಗೊತ್ತಾತು?"

ಎದ್ದು ನೆಟ್ಟಗೆ ಸ್ಟೇಜಿನ ಹಿಂದಿನ ಕೋಣೆಗೆ ಹೋದೆ. ಅಕ್ಕ ಕಿವಿಯೋಲೆ ಬಿಚ್ಚುತ್ತಿದ್ದಳು.

"ಮೈಕ್ ಮುಂದ ನಿನ್ನ ದನಿ ನಡಗತೈತಿ ಅಂತ ತಂಡದವರು ಬ್ಯಾಡಂದ್ರು," ಎಂದಳು, ನಾನು ಕೇಳುವ ಮೊದಲೇ.

"ಇರ್ಲಿ. ನಿನ್ನ ಅಜ್ಜಿ ಹಾಡು ಅಂತ ಯಾಕಂದಿ?"

"ಯೂಸುಫ್ ಬರೇ ನಿಮ್ಮವನೇನು? ಹಾಡು ಎಲ್ಲಾರದೂ."

ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆನೇನೋ. ಇಷ್ಟು ಸಲೀಸಾಗಿ ಅಂದಾಗ ಹೊರಗೆ ಬಂದುಬಿಟ್ಟೆ. ಅವ್ವನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಮರುದಿನದಿಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ. ಕೆಲವು ವಾರ ಕಳೆದ ಮೇಲೆ ಅಕ್ಕ ಅಲ್ಲಿಗೇ ಬಂದಳು. ಪುಣೆಯಲ್ಲಿ ಕಛೇರಿ ನಿಗದಿಯಾಗಿತ್ತಂತೆ. ಯೂಸುಫ್ ಅಣ್ಣಂದಿರನ್ನು ಮತ್ತೆ ಕಾಣುವ ಹಾಡಿನ ನುಡಿ ಬೇಕಂತೆ.

"ನಮ್ಮವ್ವನ್ನ ಕೇಳ್ರಿ," ಎಂದೆ.

ಅವಳಿಗೆ ನಾನು 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಒಂದು ಗಳಿಗೆ ನನ್ನ ಮುಖ ನೋಡಿ, ಸರಳುಗಳನ್ನು ಹಿಡಿಯುತ್ತ ಮುಂದಕ್ಕೆ ಹೋದಳು. ನಮ್ಮ ಮನೆ ಅವಳಿಗೆ ಗೊತ್ತಿತ್ತು. ಅವ್ವನನ್ನು ಕೇಳಲು ಅವಳು ಬರಲಿಲ್ಲ.